ವಿವರ ಮೊದಲೋ, ಪ್ರಕಟಣೆ ಮೊದಲೋ? ಹಳೆಯ ಮುದ್ರಣ ಮತ್ತು ಛಾಯಾಚಿತ್ರಗಳ ಡಿಜಿಟಲ್ ಸಂಗ್ರಹ: ಪರ-ವಿರೋಧ

ಪ್ರಶ್ನೆ: ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕ, ಪತ್ರಿಕೆ, ಕರಪತ್ರ, ಛಾಯಾಚಿತ್ರಗಳನ್ನು ಅಂತರ್ಜಾಲದ ಸಂಗ್ರಹಕ್ಕೆ ಏರಿಸುವ ಮುನ್ನ ಅವುಗಳ ಶೀರ್ಷಿಕೆ, ಕರ್ತೃ, ಕಾಲ, ಸ್ಥಳ, ಮುದ್ರಣಾಲಯ, ವಿಷಯ, ಹಕ್ಕುಸ್ವಾಮ್ಯ ಇವೆಲ್ಲವನ್ನೂ ಬರೆದು ಮುಗಿಸಿರಲೇಬೇಕು ಎಂಬ ನಿಯಮ ಬೇಕೇ?

ಪರ: ವಿವರವಿಲ್ಲದ ಪ್ರತಿ ಇದ್ದೂ ಇಲ್ಲದಂತೆ

ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದೊಡನೆ ಕೈಜೋಡಿಸಿ ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡದ ಸಾವಿರಾರು ಪುಸ್ತಕಗಳು ಸ್ಕ್ಯಾನ್ ಆದವು. ಅವುಗಳಲ್ಲಿ ಬಹಳಷ್ಟನ್ನು ಇಂದು ಇಂಟರ್ನೆಟ್ ಆರ್ಕೈವ್ ತಾಣದಲ್ಲಿ ಓದಬಹುದು; ಆದರೆ ಓದುವುದಕ್ಕೆ ಮೊದಲು ಹುಡುಕಿ ತೆಗೆಯಬೇಕಲ್ಲ, ಕಷ್ಟವೆಲ್ಲ ಇರುವುದು ಅಲ್ಲಿ. ಪುಸ್ತಕದ ಹೆಸರು ಹೆಚ್ಚಿನ ಕಡೆ ಕನ್ನಡ ಲಿಪಿಯಲ್ಲಿ ಇಲ್ಲ. ರೋಮನ್ ಲಿಪಿಯಲ್ಲಿ ಬರೆದ ಹೆಸರಿನಲ್ಲಿ ದೀರ್ಘಸ್ವರಕ್ಕೆ ಒಂದು ಕಡೆ ಎರಡು ಅಕ್ಷರ, ಇನ್ನೊಂದು ಕಡೆ ಒಂದೇ ಅಕ್ಷರ. ಮುಖಪುಟದಲ್ಲಿ ಕರ್ತೃವಿನ ಹೆಸರು ದಪ್ಪಕ್ಷರದಲ್ಲಿ ಅಚ್ಚಾಗಿದ್ದರೂ ವಿವರದ ಅಂಕಣದಲ್ಲಿ ‘ನಾಟ್ ಅವೈಲಬಲ್’ ಎಂದಿರುವುದುಂಟು. ಕನ್ನಡದಲ್ಲಿ ಟೈಪಿಸಿ ಹುಡುಕಿದವರಿಗೆ ಇಂಥ ಪುಸ್ತಕ ಸಿಗುವ ಬಗೆಯೇ ಇಲ್ಲ. ಕೊನೆಗೆ ‘ಸಂಚಯ’ ಎಂಬ ಸ್ವಯಂಸೇವಾ ತಂಡದ ಕಾರ್ಯಕರ್ತರು ಹತ್ತಾರು ಜನರ ನೆರವು ಪಡೆದು ಈ ಶೀರ್ಷಿಕೆಗಳನ್ನು ಮತ್ತೆ ಕನ್ನಡದಲ್ಲಿ ಬರೆಸಿ, ‘ಪುಸ್ತಕ ಸಂಚಯ’ ಎಂಬ ಹುಡುಕುತಾಣವನ್ನೇ ಕಟ್ಟಬೇಕಾಯಿತು. ಪುಸ್ತಕ ಸ್ಕ್ಯಾನರಿನ ಮುಂದೆ ತೆರೆದಿದ್ದಾಗಲೇ ನಾಲ್ಕು ಸಾಲು ಬರೆದಿದ್ದರೆ ಈ ಎರಡನೆಯ ದುಡಿಮೆ ಬೇಕಾಗುತ್ತಿರಲಿಲ್ಲ.

ಯಂತ್ರವೇ ಪುಟವನ್ನು ಓದಿಕೊಳ್ಳುವಾಗ ಮನುಷ್ಯರು ಕುಳಿತು ವಿವರ ಬರೆಯುವುದೇಕೆ ಎಂಬ ಮಾತು ಈಗ ಹೆಚ್ಚಾಗಿ ಕೇಳಿಬರುತ್ತಿದೆ. ಹಳೆಯ ಮೊಳೆಯಚ್ಚಿನ ಕನ್ನಡ ಪುಟವೊಂದನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು ನೋಡಿದವರಿಗೆ ಉತ್ತರ ಗೊತ್ತು. ಅರ್ಕಾವತ್ತನ್ನು ಅದು ಕನ್ನಡದ ಒಂಬತ್ತು ಎಂದು ಓದಿ ‘ಕನಾ೯ಟಕ’ ಎಂದು ಬರೆದಿಡುತ್ತದೆ. ನೋಡುವವರ ಕಣ್ಣಿಗೆ ತಪ್ಪು ಕಾಣುವುದಿಲ್ಲ, ಹುಡುಕುವ ಯಂತ್ರಕ್ಕೆ ಮಾತ್ರ ಅದು ಬೇರೆಯೇ ಪದ. ಸೊನ್ನೆ ಅನುಸ್ವಾರವಾಗುತ್ತದೆ, ಮಸಿ ಹರಡಿದ ಕಡೆ ಮಕಾರ ವಕಾರವಾಗುತ್ತದೆ. ಇಷ್ಟೆಲ್ಲ ಸರಿಹೋಯಿತೆಂದೇ ಇಟ್ಟುಕೊಳ್ಳೋಣ, ಪುಟದಲ್ಲಿ ಅಚ್ಚಾಗದ ಸಂಗತಿಯನ್ನು ಯಂತ್ರ ಓದಿ ಹೇಳಲಾರದು.

ಕಂಪನಿ ನಾಟಕದ ಒಂದು ಹ್ಯಾಂಡ್‌ಬಿಲ್ಲನ್ನು ಎದುರಿಗಿಟ್ಟುಕೊಂಡು ಯೋಚಿಸಬಹುದು. ‘ಪ್ಲವ ಸಂವತ್ಸರದ ಮಾಘ ಮಾಸ, ಶನಿವಾರ ರಾತ್ರಿ ಒಂಬತ್ತು ಗಂಟೆಗೆ’ ಎಂದಿದೆ. ಇಸವಿ ಇಲ್ಲ, ಶಕವರ್ಷವೂ ಇಲ್ಲ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಅದು 1902ರ ಆರಂಭವೂ ಆಗಬಹುದು, 1962ರ ಆರಂಭವೂ ಆಗಬಹುದು. ಟಿಕೆಟ್ಟಿನ ದರ ಆಣೆಗಳಲ್ಲಿದ್ದರೆ, ದಶಮಾಂಶ ನಾಣ್ಯ 1957ರ ಏಪ್ರಿಲ್ 1ರಂದು ಜಾರಿಗೆ ಬಂದದ್ದನ್ನು ನೆನೆದು, ಹಿಂದಿನ ಕಾಲದ್ದೇ ಇರಬೇಕೆಂದು ಬಹುಮಟ್ಟಿಗೆ ಹೇಳಬಹುದು. ಹಾಳೆಯ ಕೆಳಗಿನ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು ಇರುತ್ತದೆ. ಬ್ರಿಟಿಷ್ ಆಳ್ವಿಕೆಯ ಪ್ರದೇಶಗಳಲ್ಲಿ ಪುಸ್ತಕ, ಪತ್ರಿಕೆಗಳ ಮೇಲೆ ಮುದ್ರಕರ ಹೆಸರು ಮತ್ತು ಮುದ್ರಣದ ಸ್ಥಳ ಇರಬೇಕೆಂದು 1867ರ ಕಾಯ್ದೆಯೇ ವಿಧಿಸಿತ್ತು. ಸ್ಕ್ಯಾನ್ ಮಾಡಿದವರು ಚಂದ ಕಾಣಲೆಂದು ಅಂಚನ್ನು ಕತ್ತರಿಸಿದರೆ ಆ ಸಾಲು ಹೋಯಿತು. ಕಾಗದದ ದಪ್ಪ, ಮಸಿಯ ಬಣ್ಣ, ಹಿಂಬದಿಯ ಪೆನ್ಸಿಲ್ ಬರಹ, ಇದು ಯಾರ ಮನೆಯ ಯಾವ ಕಟ್ಟಿನಿಂದ ಬಂತು ಎಂಬ ಮಾಹಿತಿ, ಇವೆಲ್ಲ ಹಾಳೆಯನ್ನು ಕೈಯಲ್ಲಿ ಹಿಡಿದವರಿಗೆ ಮಾತ್ರ ಸಿಗುವಂಥವು. ಹಾಳೆ ಮಾಲೀಕರ ಮನೆಗೆ ಮರಳಿದ ಮೇಲೆ ಪರದೆಯ ಮುಂದೆ ಕುಳಿತು ಎಷ್ಟು ತಲೆ ಕೆರೆದುಕೊಂಡರೂ ಅವು ಮರಳಿ ಬರಲಾರವು.

ಛಾಯಾಚಿತ್ರಗಳ ವಿಷಯದಲ್ಲಂತೂ ವಿವರವೇ ಅರ್ಧ ದಾಖಲೆ. ಬಾಸೆಲ್ ಮಿಷನ್ನಿನ ಪತ್ರಾಗಾರ ಈ ಕೆಲಸವನ್ನು ಹೇಗೆ ಮಾಡಿದೆ ಎಂಬುದನ್ನು ನಮ್ಮ ಸಂಸ್ಥೆಗಳು ಗಮನವಿಟ್ಟು ನೋಡಬೇಕು. ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆದು, 1843ರಲ್ಲಿ ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಸಂಸ್ಥೆ ಅದು. ಸ್ವಿಟ್ಜರ್ಲೆಂಡಿನಲ್ಲಿರುವ ಅದರ ಚಿತ್ರಸಂಗ್ರಹದಲ್ಲಿ ಚಿತ್ರದ ಜೊತೆಗೇ ಬಂದ ಮೂಲ ಶೀರ್ಷಿಕೆ ಯಾವುದು, ಪಟ್ಟಿಕಾರರು ಕೊಟ್ಟ ಶೀರ್ಷಿಕೆ ಯಾವುದು ಎಂಬುದು ಬೇರೆಬೇರೆಯಾಗಿ ತಿಳಿಯುತ್ತದೆ. ಕಾಲ ಖಚಿತವಿಲ್ಲದಿದ್ದರೆ ಇಂಥ ವರ್ಷಕ್ಕಿಂತ ಹಿಂದಿನದಲ್ಲ, ಇಂಥ ವರ್ಷಕ್ಕಿಂತ ಈಚಿನದಲ್ಲ ಎಂದು ಎರಡು ಮಿತಿಗಳನ್ನು ಕೊಡಲಾಗಿದೆ. ಆದ್ದರಿಂದಲೇ ಕರಾವಳಿಯ ಹೆಂಚಿನ ಕಾರ್ಖಾನೆ, ನೇಯ್ಗೆಶಾಲೆಗಳ ಚಿತ್ರಗಳು ಇತಿಹಾಸಕಾರರಿಗೆ ಆಧಾರವಾಗಿ ನಿಂತಿವೆ. ಅದೇ ಚಿತ್ರ ‘ಹಳೆಯ ಮಂಗಳೂರು’ ಎಂಬ ಎರಡು ಪದಗಳೊಡನೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದರೆ ಅದು ಬರಿಯ ನೋಟದ ವಸ್ತು.

ಹೆಸರುಗಳ ಗೋಜಲನ್ನೂ ಬಿಡಿಸಬೇಕು. ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಅಚ್ಚಾದದ್ದು ಮಾಸ್ತಿಯವರ ಪಟ್ಟಿಗೆ ಸೇರಬೇಕು, ‘ಅಂಬಿಕಾತನಯದತ್ತ’ರದ್ದು ಬೇಂದ್ರೆಯವರ ಪಟ್ಟಿಗೆ. ಸೇರದಿದ್ದರೆ ಓದುಗರಿಗೆ ಅರ್ಧ ಸಾಹಿತ್ಯವೇ ಕಾಣದು, ಹಕ್ಕುಸ್ವಾಮ್ಯದ ಲೆಕ್ಕವೂ ತಪ್ಪುತ್ತದೆ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದ ಮೇಲೆ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ ಅವರ ಬರಹಗಳು 2007ರಿಂದ ಎಲ್ಲರ ಸೊತ್ತು; 1981ರಲ್ಲಿ ತೀರಿಕೊಂಡ ಬೇಂದ್ರೆಯವರದ್ದು 2041ರ ಕೊನೆಯವರೆಗೆ ಅಲ್ಲ. ಕರ್ತೃ ಯಾರೆಂದೇ ಬರೆಯದ ಸಂಗ್ರಹವು ಯಾವುದನ್ನು ತೆರೆದಿಡಬಹುದು, ಯಾವುದನ್ನು ತಡೆಹಿಡಿಯಬೇಕು ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸುತ್ತದೆ?

ಪತ್ರಿಕೆಗಳ ಸಂಪುಟಗಳ ಗತಿ ಇನ್ನೂ ಕೆಟ್ಟದ್ದು. ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳು ಒಂದೇ ರಟ್ಟಿನೊಳಗೆ ಹೊಲಿದಿದ್ದರೆ ಅದು ಒಂದೇ ಕಡತವಾಗಿ ಏರುತ್ತದೆ, ಒಳಗಿನ ಲೇಖನಗಳ ಹೆಸರು ಎಲ್ಲಿಯೂ ಕಾಣುವುದಿಲ್ಲ. ‘ಆಮೇಲೆ ಮಾಡೋಣ’ ಎಂದು ಬಿಟ್ಟದ್ದನ್ನು ಆಮೇಲೆ ಮಾಡುವವರು ಅಪರೂಪ, ಏಕೆಂದರೆ ಹಣ ಸಾಮಾನ್ಯವಾಗಿ ಮಂಜೂರಾಗುವುದು ಸ್ಕ್ಯಾನ್ ಆದ ಪುಟಗಳ ಲೆಕ್ಕದಲ್ಲಿ. ಪುಟ ಮುಗಿದ ದಿನ ಯೋಜನೆಯೂ ಮುಗಿಯುತ್ತದೆ. ನಿಯಮವಿದ್ದರೆ ವಿವರದ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಬೇಕಾಗುತ್ತದೆ.

ವಿರೋಧ: ಬಾಗಿಲು ಹಾಕಿಕೊಂಡು ಬರೆದ ವಿವರ ಯಾರಿಗೆ?

‘ಪೂರ್ಣ ವಿವರ’ ಎಂಬ ಪದವೇ ಈ ನಿಯಮದ ದೌರ್ಬಲ್ಯ. ಯಾವ ಪಟ್ಟಿಕಾರರೂ ‘ಇನ್ನು ಬರೆಯುವುದೇನೂ ಇಲ್ಲ’ ಎಂದು ಲೇಖನಿ ಕೆಳಗಿಟ್ಟದ್ದಿಲ್ಲ. ವಿದ್ಯುನ್ಮಾನ ದಾಖಲೆಗಳ ವಿವರಣೆಗಾಗಿ ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ ಡಬ್ಲಿನ್ ಕೋರ್ ಪದ್ಧತಿ 1995ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಡಬ್ಲಿನ್‌ನಲ್ಲಿ ನಡೆದ ಸಭೆಯೊಂದರಿಂದ ಹುಟ್ಟಿತು. ಅದರಲ್ಲಿರುವುದು ಹದಿನೈದು ಅಂಶಗಳು. ಅವುಗಳಲ್ಲಿ ಒಂದೂ ಕಡ್ಡಾಯವಲ್ಲ. ಗೊತ್ತಿರುವುದನ್ನು ಬರೆಯಿರಿ, ಗೊತ್ತಾದಾಗ ಸೇರಿಸಿರಿ ಎಂಬ ವಿವೇಕ ಅದರ ರಚನೆಯಲ್ಲೇ ಇದೆ.

ಪರ ವಾದಿಗಳು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕೆಟ್ಟ ಶೀರ್ಷಿಕೆಗಳನ್ನು ತೋರಿಸುತ್ತಾರೆ. ಶೀರ್ಷಿಕೆಗಳು ಕೆಟ್ಟವು ನಿಜ, ಅದನ್ನು ಸಮರ್ಥಿಸುವ ಅಗತ್ಯ ಇಲ್ಲಿ ಯಾರಿಗೂ ಇಲ್ಲ. ಆದರೆ ಆ ಯೋಜನೆಯ ಸ್ವಂತ ತಾಣ ಮುಚ್ಚಿಹೋದ ಮೇಲೂ ಪುಸ್ತಕಗಳು ಉಳಿದದ್ದು ಹೇಗೆ? ಅವು ಆಗಲೇ ಸಾರ್ವಜನಿಕವಾಗಿದ್ದವು, ಬೇರೆಡೆ ನಕಲಾಗಿದ್ದವು. ಸಂಚಯದವರು ಶೀರ್ಷಿಕೆ ತಿದ್ದಲು ಸಾಧ್ಯವಾದದ್ದೂ ಪುಸ್ತಕ ಅವರ ಕಣ್ಣಿಗೆ ಬಿದ್ದದ್ದರಿಂದಲೇ. ಪೂರ್ಣ ವಿವರ ಬರೆದಾಗಲಿ ಎಂದು ಆ ಕಡತಗಳನ್ನು ಯಾವುದೋ ಹಾರ್ಡ್ ಡಿಸ್ಕಿನಲ್ಲಿ ಬೀಗ ಹಾಕಿಟ್ಟಿದ್ದರೆ ತಿದ್ದುವುದಕ್ಕೆ ಇಂದು ಏನು ಉಳಿದಿರುತ್ತಿತ್ತು? ‘ಕನಾ೯ಟಕ’ ಎಂದು ತಪ್ಪಾಗಿ ಓದುವ ಯಂತ್ರವೂ ಪುಟದ ಮುಕ್ಕಾಲು ಪಾಲು ಪದಗಳನ್ನು ಸರಿಯಾಗಿ ಓದಿದರೆ ಸಾಕು, ಯಾವುದೋ ಸಂಘದ ಸ್ಮರಣಸಂಚಿಕೆಯ ನಡುವೆ ಇರುವ ತಮ್ಮೂರಿನ ಹೆಸರು ಹುಡುಕುವವರಿಗೆ ಸಿಕ್ಕೇ ಸಿಗುತ್ತದೆ. ಅಷ್ಟು ಸೂಕ್ಷ್ಮವಾದ ವಿಷಯಸೂಚಿಯನ್ನು ಯಾವ ಗ್ರಂಥಪಾಲಕರು ಬರೆದಾರು?

ಪತ್ರಾಗಾರದ ಕೆಲಸವನ್ನೇ ವೃತ್ತಿಯಾಗಿಸಿಕೊಂಡವರೂ ಈ ತೀರ್ಮಾನಕ್ಕೆ ಬಂದಿದ್ದಾರೆ. ಅಮೆರಿಕದ ಮಾರ್ಕ್ ಗ್ರೀನ್ ಮತ್ತು ಡೆನ್ನಿಸ್ ಮೈಸ್ನರ್ 2005ರಲ್ಲಿ ಬರೆದ ಪ್ರಬಂಧದಲ್ಲಿ, ಒಂದೊಂದು ಹಾಳೆಯನ್ನೂ ಒಪ್ಪ ಮಾಡುತ್ತ ಕೂರುವ ಅಭ್ಯಾಸದಿಂದಲೇ ಪತ್ರಾಗಾರಗಳಲ್ಲಿ ತೆರೆಯದ ಪೆಟ್ಟಿಗೆಗಳ ರಾಶಿ ಬೆಳೆದಿದೆ, ಮೊದಲು ಸ್ಥೂಲವಾಗಿ ವಿವರಿಸಿ ಜನರಿಗೆ ತೆರೆದಿಡಿ ಎಂದು ವಾದಿಸಿದರು. 2008ರ ಜನವರಿಯಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸುಮಾರು 3,000 ಛಾಯಾಚಿತ್ರಗಳನ್ನು ಫ್ಲಿಕರ್ ಎಂಬ ಚಿತ್ರ ಹಂಚಿಕೆಯ ತಾಣದಲ್ಲಿ ಹಾಕಿತು. ಅವುಗಳಲ್ಲಿ ಬೇನ್ ವಾರ್ತಾಸಂಸ್ಥೆಯ ಚಿತ್ರಗಳಿಗೆ ಇದ್ದ ವಿವರ ಎಂದರೆ ಗಾಜಿನ ನೆಗೆಟಿವ್ ಮೇಲೆ ಗೀಚಿದ್ದ ಒಂದೆರಡು ಪದ. ನೋಡಿದವರು ವ್ಯಕ್ತಿಗಳನ್ನು, ಬೀದಿಗಳನ್ನು, ದಿನಾಂಕಗಳನ್ನು ಗುರುತಿಸಿ ಬರೆದರು; ಗ್ರಂಥಾಲಯದ ಸಿಬ್ಬಂದಿ ಅವನ್ನು ಪರಿಶೀಲಿಸಿ ತಮ್ಮ ಪಟ್ಟಿಯನ್ನು ತಿದ್ದಿಕೊಂಡರು.

ನಮ್ಮಲ್ಲಿ ಈ ದಾರಿ ಇನ್ನೂ ತುರ್ತಿನದು. 1950ರ ದಶಕದಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿ ತೆಗೆಸಿದ ಗುಂಪುಚಿತ್ರವನ್ನು ತೆಗೆದುಕೊಳ್ಳಿ. ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತ ಮಕ್ಕಳಿಗೆ ಈಗ ಎಂಬತ್ತರ ಆಸುಪಾಸು; ಕುರ್ಚಿಯಲ್ಲಿ ಕುಳಿತ ಮೇಷ್ಟರುಗಳ ಹೆಸರು ಹೇಳಬಲ್ಲವರು ಅವರು ಮಾತ್ರ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕುಳಿತ ಪಟ್ಟಿಕಾರರು ಎಷ್ಟೇ ವಿದ್ವಾಂಸರಾಗಿದ್ದರೂ ಆ ಚಿತ್ರಕ್ಕೆ ‘ಶಾಲಾ ಮಕ್ಕಳು ಮತ್ತು ಅಧ್ಯಾಪಕರು’ ಎಂಬುದಕ್ಕಿಂತ ಹೆಚ್ಚಿಗೆ ಬರೆಯಲಾರರು. ಚಿತ್ರ ಜಾಲಕ್ಕೇರಿ, ಮೊಮ್ಮಕ್ಕಳ ಮೊಬೈಲಿನಲ್ಲಿ ತೆರೆದು, ಜಗಲಿಯಲ್ಲಿ ಕುಳಿತ ಅಜ್ಜನೆದುರು ಬಂದರೆ ‘ಎಡದಿಂದ ಬಲಕ್ಕೆ’ ಎಂಬ ಪಟ್ಟಿ ಒಂದು ಸಂಜೆಯಲ್ಲಿ ಸಿದ್ಧವಾಗುತ್ತದೆ. ವಿವರದ ಸರದಿಯಲ್ಲಿ ಅದೇ ಚಿತ್ರ ಐದಾರು ವರ್ಷ ಕಾಯ್ದರೆ ಕೇಳಲು ಯಾರೂ ಇರುವುದಿಲ್ಲ. ಬಾಸೆಲ್‌ನಲ್ಲಿ ಆದ ಕೆಲಸ ಮೆಚ್ಚತಕ್ಕದ್ದೇ. ಒಂದೇ ಸಂಸ್ಥೆಯ ವರದಿಗಳು, ಪತ್ರಗಳು ಚಿತ್ರಗಳ ಜೊತೆಗೇ ಇದ್ದ ಸಂಗ್ರಹ ಅದು. ನಮ್ಮ ಊರುಗಳ ಸ್ಟುಡಿಯೋಗಳಿಂದ, ಅಟ್ಟದ ಟ್ರಂಕುಗಳಿಂದ ಬರುವ ಚಿತ್ರಗಳಿಗೆ ಅಂಥ ಬೆನ್ನಾಸರೆ ಎಲ್ಲಿದೆ?

ಮುಂಚಿತವಾಗಿ ಬರೆದ ವಿವರಕ್ಕೆ ಇನ್ನೊಂದು ದೋಷವುಂಟು: ಅದು ಖಚಿತ ಧ್ವನಿಯಲ್ಲಿ ಮಾತನಾಡುತ್ತದೆ. ಬ್ರಿಟಿಷ್ ಸರ್ಕಾರ 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಭಾರತದ ಜಾತಿ, ಬುಡಕಟ್ಟುಗಳ ಛಾಯಾಚಿತ್ರಗಳನ್ನು ಪ್ರಕಟಿಸಿತು. ಪ್ರತಿ ಚಿತ್ರಕ್ಕೂ ವಿವರವಿತ್ತು, ಆ ವಿವರಗಳಲ್ಲಿ ಇಡೀ ಸಮುದಾಯಗಳ ಸ್ವಭಾವವನ್ನು ಒಂದೆರಡು ಸಾಲಿನಲ್ಲಿ ತೀರ್ಮಾನಿಸಿಬಿಟ್ಟ ಮಾತುಗಳಿದ್ದವು. ಅಷ್ಟು ದೂರ ಹೋಗುವುದೇ ಬೇಡ, 1930ರಲ್ಲಿ ಧಾರವಾಡದಲ್ಲಿ ಅಚ್ಚಾದ ಕರಪತ್ರದ ಸ್ಥಳವನ್ನು ಏನೆಂದು ಬರೆಯುವುದು? ಆಗ ಅದು ಮುಂಬಯಿ ಪ್ರಾಂತ, 1956ರ ನವೆಂಬರ್ 1ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಬರೆದದ್ದನ್ನು ಮತ್ತೆ ಮತ್ತೆ ತೆರೆಯಬೇಕಾಗುತ್ತದೆ ಎಂಬುದು ಮೊದಲೇ ಗೊತ್ತಿರುವಾಗ ಪ್ರಕಟಣೆಗೆ ಮುಂಚೆ ಮುಗಿಸಬೇಕೆಂಬ ಹಟಕ್ಕೆ ಅರ್ಥವಿಲ್ಲ.

ಹಾಗೆಂದು ಏನೂ ಬರೆಯದೆ ಸುರಿಯಬೇಕು ಎಂದೇನೂ ನಾವು ಹೇಳುತ್ತಿಲ್ಲ. ಹ್ಯಾಂಡ್‌ಬಿಲ್ಲಿನ ಉದಾಹರಣೆಯಲ್ಲಿ ಪರ ವಾದಿಗಳು ಹೇಳಿದ್ದರಲ್ಲಿ ಸತ್ಯವಿದೆ, ಆದರೆ ಅದು ಅವರ ನಿಯಮಕ್ಕೆ ಬಲ ಕೊಡುವುದಿಲ್ಲ. ಅಂಚು ಕತ್ತರಿಸಬಾರದು, ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಬದಲಾಗದ ಒಂದು ಕ್ರಮಸಂಖ್ಯೆ ಕೊಡಬೇಕು, ಯಾರಿಂದ ಯಾವಾಗ ಬಂತು ಎಂದು ಗುರುತಿಸಬೇಕು, ಮುಖಪುಟದಲ್ಲಿ ಇರುವುದನ್ನು ಇದ್ದಂತೆ ಕನ್ನಡದಲ್ಲೇ ಬರೆಯಬೇಕು. ಇಷ್ಟು ಕೆಲಸ ಹಾಳೆ ಕೈಯಲ್ಲಿದ್ದಾಗಲೇ ಆಗಬೇಕು, ಆಗುತ್ತದೆ ಕೂಡ. ಮನೆತನದ ಪತ್ರಗಳು, ಬದುಕಿರುವವರ ಖಾಸಗಿ ಚಿತ್ರಗಳು, ಹಕ್ಕುಸ್ವಾಮ್ಯ ಇರುವ ಕೃತಿಗಳು ಹೊರಹೋಗದಂತೆ ಜರಡಿ ಹಿಡಿಯುವುದೂ ಮೊದಲೇ ಆಗತಕ್ಕದ್ದು. ಕರ್ತೃ ಯಾರೆಂದು ತಿಳಿಯದ ಈಚಿನ ಪುಸ್ತಕವನ್ನು ತಡೆಹಿಡಿಯಲು ಅದರ ವಿಷಯಸೂಚಿ ಮುಗಿಯಬೇಕಾಗಿಲ್ಲ. ಸಂವತ್ಸರವನ್ನು ಇಸವಿಗೆ ತಿರುಗಿಸುವುದು, ಕಾವ್ಯನಾಮಗಳನ್ನು ಬೆಸೆಯುವುದು, ಸಂಪುಟದೊಳಗಿನ ಲೇಖನಗಳ ಪಟ್ಟಿ ಮಾಡುವುದು ಇವೆಲ್ಲ ಆಮೇಲೆ, ಹಲವರ ಕೈಯಲ್ಲಿ ಆಗಬಹುದು.

ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟರು, 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನೂ ತೆರೆದರು. ಓದುಗರ ಸಮಯ ಉಳಿಸಬೇಕೆಂಬ ಅವರ ನಾಲ್ಕನೆಯ ಸೂತ್ರವನ್ನು ಪಟ್ಟಿಕಾರರು ಆಗಾಗ ನೆನೆಯುತ್ತಾರೆ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಮೊದಲನೆಯ ಸೂತ್ರ. ಇನ್ನು ಜನರು ಬರೆದು ಕಳುಹಿಸಿದ್ದನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಬಳಿ ಸುಲಭದ ಉತ್ತರವಿಲ್ಲ. ಚಿತ್ರದ ಕೆಳಗೆ ‘ಇವರು ನಮ್ಮ ಅಜ್ಜಿಯ ತಮ್ಮ’ ಎಂದು ಒಬ್ಬರು ಬರೆದಾಗ ಅದನ್ನು ಓದಿ, ಆಧಾರ ಕೇಳಿ, ಯಾರು ಯಾವಾಗ ಹೇಳಿದರೆಂದು ಗುರುತಿಸಿ ಪಟ್ಟಿಗೆ ಸೇರಿಸುವ ಸಂಬಳದ ಹುದ್ದೆ ಪ್ರತಿ ಸಂಗ್ರಹದಲ್ಲಿ ಒಂದಾದರೂ ಇರಬೇಕು. ಅಂಥ ಹುದ್ದೆಯನ್ನು ಸ್ಕ್ಯಾನರ್ ಕೊಳ್ಳುವ ಮೊದಲೇ ಮಂಜೂರು ಮಾಡಿಸಿಕೊಳ್ಳುವುದು ಒಳ್ಳೆಯದು.