ರೆಡಿ ಟು ರನ್ ಅಂತೆ!

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘ರೆಡಿ ಟು ರನ್’ ಅಂತ ಇತ್ತು. ನಾನೂ ನಂಬಿದೆ. ಇಪ್ಪತ್ತೆಂಟು ಸಾವಿರ ಕೊಟ್ಟು ತರಿಸಿದ ನೈಟ್ರೋ ಆರ್‌ಸಿ ಟ್ರಕ್ (ರಿಮೋಟಿನಲ್ಲಿ ಓಡಿಸುವ ಪುಟ್ಟ ಟ್ರಕ್), 1/10 ಸ್ಕೇಲ್, 3 ಸಿಸಿ ಇಂಜಿನ್. ಅಕ್ಕನ ಮಗನಿಗೆ ರಜೆ ಇತ್ತು, ಕಾಫಿ ಒಣಗಿಸುವ ಕಣ ಖಾಲಿ ಬಿದ್ದಿತ್ತು. ಚಿಕ್ಕಮಗಳೂರಲ್ಲಿ ಇದಕ್ಕಿಂತ ಒಳ್ಳೆ ಟ್ರ್ಯಾಕ್ ಎಲ್ಲಿ ಸಿಗುತ್ತದೆ ಹೇಳಿ?

ಮೊದಲ ದಿನ ಸ್ಟಾರ್ಟೇ ಆಗಲಿಲ್ಲ. ಹಗ್ಗ ಎಳೆದು ಎಳೆದು ನನ್ನ ರಟ್ಟೆ ಸೋತಿತು, ಸಂಜೆ ಹೊತ್ತಿಗೆ ಹಗ್ಗವೂ ಕಿತ್ತು ಕೈಗೆ ಬಂತು. ಪಕ್ಕದ ಮನೆಯವರು ಬೇಲಿ ಮೇಲಿಂದ ಬಗ್ಗಿ ನೋಡಿ, ‘ಸ್ವಲ್ಪ ಪೆಟ್ರೋಲ್ ಹಾಕಿ ನೋಡಿ’ ಅಂದರು. ಇದಕ್ಕೆ ಪೆಟ್ರೋಲ್ ಆಗಲ್ಲ ಸ್ವಾಮಿ. ಮೆಥನಾಲ್, ನೈಟ್ರೋಮೀಥೇನ್, ಜೊತೆಗೆ ಎಣ್ಣೆ ಬೆರೆಸಿದ ಇಂಧನವೇ ಬೇಕು. ಕಿಡಿ ಹಾರಿಸುವ ಪ್ಲಗ್ಗೂ ಇಲ್ಲ. ಗ್ಲೋ ಪ್ಲಗ್ ಒಳಗೆ ಒಂದು ಸಣ್ಣ ಪ್ಲಾಟಿನಂ ತಂತಿ ಕೆಂಪಗೆ ಕಾದಿರುತ್ತದೆ, ಅದಕ್ಕೆ ಮೆಥನಾಲ್ ತಾಗಿ ಹೊತ್ತಿಕೊಳ್ಳುತ್ತದೆ, ಅಷ್ಟೇ.

ಇಲ್ಲಿವರೆಗೆ ಕಂಪನಿಯದ್ದೇ ತಪ್ಪು ಅಂತ ಹೇಳಲ್ಲ. ಹೊಸ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಬಿಗಿಯಾಗಿ ಹಿಡಿಯುತ್ತದೆ, ಬೇಕಂತಲೇ ಹಾಗೆ ಮಾಡಿರುತ್ತಾರೆ. ಮೊದಲು ಹೇರ್ ಡ್ರೈಯರ್‌ನಲ್ಲಿ ಬೆಚ್ಚಗೆ ಮಾಡಿದರೆ ಹಗ್ಗ ಉಳಿಯುತ್ತದೆ. ಆಮೇಲೆ ನಮ್ಮೂರು ಇರುವುದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಗಾಳಿ ತೆಳು. ಕಾರ್ಬುರೇಟರಿನಲ್ಲಿ ಇಂಧನ ಎಷ್ಟು ಹೋಗಬೇಕು ಅಂತ ಹಿಡಿಯುವ ಸೂಜಿ ಇರುತ್ತದೆ, ಬೇರೆಲ್ಲೋ ತಗ್ಗಿನ ಊರಲ್ಲಿ ಕೂರಿಸಿದ್ದು ಇಲ್ಲಿಗೆ ಬಂದರೆ ಇಂಧನ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗುತ್ತದೆ. ಸೂಜಿಯನ್ನು ಬಿಗಿ ಮಾಡಬೇಕು. ಅದೂ ಗಡಿಯಾರದ ದೊಡ್ಡ ಮುಳ್ಳು ಐದು ನಿಮಿಷ ಸರಿಯುವಷ್ಟು, ಒಂದೊಂದೇ ಸಲ. ಅತಿಯಾದರೆ ಇಂಜಿನ್ ಕಾದು ಹಾಳು. ಇದೆಲ್ಲ ಕಲಿಯುವ ವಿಷಯ, ಕಲಿತೆ, ಖುಷಿಯಿಂದಲೇ ಕಲಿತೆ.

ಸಿಟ್ಟು ಬಂದಿದ್ದು ಮೂರನೇ ಟ್ಯಾಂಕ್‌ನಲ್ಲಿ. ಇನ್ನೂ ನಿಧಾನಕ್ಕೆ, ಅರ್ಧ ಥ್ರಾಟಲ್ ದಾಟದೆ, ಇಂಜಿನ್ ಪಳಗಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕರಕರ ಸದ್ದು. ಎತ್ತಿ ನೋಡಿದರೆ ಇಂಜಿನ್ ಕೂತ ಜಾಗದಿಂದ ಕೂದಲೆಳೆಯಷ್ಟು ಜರುಗಿದೆ, ಇಂಜಿನ್ ತಿರುಗುವುದನ್ನು ಚಕ್ರಕ್ಕೆ ದಾಟಿಸುವ ಪ್ಲಾಸ್ಟಿಕ್ಕಿನ ಸ್ಪರ್ ಗೇರಿನ ಹಲ್ಲುಗಳೆಲ್ಲ ತುರಿದ ಕೊಬ್ಬರಿ ಥರ ಚಾಸಿ ಮೇಲೆ ಉದುರಿವೆ. ಕೆಳಗಿನ ನಾಲ್ಕು ಸ್ಕ್ರೂಗಳಲ್ಲಿ ಒಂದು ಇಲ್ಲವೇ ಇಲ್ಲ. ಇನ್ನೆರಡು ಬರೀ ಬೆರಳಲ್ಲೇ ತಿರುಗುತ್ತಿದ್ದವು. ನಾಲ್ಕನೆಯದಕ್ಕೆ ಕೀ ಹಾಕಿದೆ, ಬೆಣ್ಣೆಯಂಥ ಲೋಹ, ತಲೆಯ ಒಳಗೆ ಆರು ಮೂಲೆ ಇದ್ದದ್ದು ದುಂಡಗಾಗಿಬಿಟ್ಟಿತು!

ನಮ್ಮ ತೋಟದ ವೀಡ್ ಕಟರ್ ರಿಪೇರಿ ಮಾಡುವವರ ಹತ್ತಿರ ಒಯ್ದೆ. ಅವರು ಇಂಥ ಟ್ರಕ್ ಯಾವತ್ತೂ ನೋಡಿದವರಲ್ಲ, ಆದರೆ ಟೂ ಸ್ಟ್ರೋಕ್ ಇಂಜಿನ್ ಅಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಸ್ಕ್ರೂ ಬೆಳಕಿಗೆ ಹಿಡಿದು ನೋಡಿ ಒಂದೇ ಮಾತು: ‘ಇದಕ್ಕೆ ಲಾಕ್‌ಟೈಟೇ ಹಾಕಿಲ್ವಲ್ಲ ಸಾರ್, ಇಷ್ಟು ಅದುರೋ ಇಂಜಿನ್ನು ಹೆಂಗೆ ನಿಲ್ಲುತ್ತೆ?’

ನೋಡಿ, ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಒಂದು ಹನಿ ಅಂಟು. ಅದನ್ನು ಉಳಿಸಿದ್ದಾರೆ.

ಹೊಸ ಗೇರ್ ಬರಲು ಹದಿನೈದು ದಿನ. ಬಂತು, ಹಾಕಿದೆ, ಓಡಿತು, ನಿಜವಾಗಲೂ ಚೆನ್ನಾಗಿ ಓಡಿತು. ಆ ಸದ್ದು, ಆ ನೀಲಿ ಹೊಗೆ, ಹುಡುಗ ಕುಣಿಯುತ್ತಿದ್ದ. ಆಮೇಲೆ ಸಣ್ಣ ಗುಂಡಿ ಹಾರಿತು ನೋಡಿ, ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿನ ಪೆನ್ ಸೆಲ್ ಡಬ್ಬಿಯಲ್ಲಿ ಒಂದು ಸೆಲ್ ಸ್ಪ್ರಿಂಗ್ ಬಿಟ್ಟು ಎದ್ದಿತು. ಕರೆಂಟ್ ಹೋಯಿತು, ಥ್ರಾಟಲ್ ತೆರೆದಲ್ಲೇ ಉಳಿಯಿತು. ‘ಮಾವ, ನಿಲ್ಸಿ!’ ‘ನಿಲ್ತಾ ಇಲ್ಲ ಕಣೋ!’ ಟ್ರಕ್ ನೇರ ಹೋಗಿ ಬಚ್ಚಲುಮನೆ ಪಕ್ಕದ ಸೌದೆ ರಾಶಿಗೆ ಗುದ್ದಿತು. ಅಲ್ಲಿ ಹುಡುಗ ನಿಂತಿದ್ದರೆ? ಫೇಲ್‌ಸೇಫ್ ಇದೆ ಅಂತ ಡಬ್ಬದ ಮೇಲೆ ಬರೆದಿದ್ದಾರೆ. ಸಿಗ್ನಲ್ ತಪ್ಪಿದರೆ ಅದು ಥ್ರಾಟಲ್ ಮುಚ್ಚೀತು, ಥ್ರಾಟಲ್ ತಿರುಗಿಸುವ ಸರ್ವೋ ಮೋಟಾರಿಗೆ ಕರೆಂಟೇ ಇಲ್ಲದಿದ್ದರೆ ಏನು ಮಾಡುತ್ತದೆ? ಕಾರ್ಬುರೇಟರನ್ನು ಹಿಂದಕ್ಕೆ ಎಳೆದು ಮುಚ್ಚುವ ಒಂದು ಚಿಕ್ಕ ಸ್ಪ್ರಿಂಗ್ ಇದ್ದಿದ್ದರೆ ಸಾಕಿತ್ತು. ನನ್ನ ಟ್ರಕ್ಕಿನಲ್ಲಿ ಇರಲಿಲ್ಲ.

‘ನೈಟ್ರೋ ಅಂದ್ರೆ ಹಂಗೇ, ಕೈ ಕೊಳೆ ಮಾಡ್ಕೋಬೇಕು’ ಅಂತ ಹಳಬರು ಹೇಳುತ್ತಾರೆ. ಒಪ್ಪುತ್ತೇನೆ. ಆದರೆ ಸೂಜಿ ತಿರುಗಿಸೋದು ಬೇರೆ, ಸ್ಕ್ರೂ ಉದುರೋದು ಬೇರೆ. ಹೊಸಬನಿಗೆ ಈ ಎರಡರ ವ್ಯತ್ಯಾಸವೇ ಗೊತ್ತಾಗಲ್ಲ. ಎಲ್ಲ ತನ್ನದೇ ತಪ್ಪು ಅಂದುಕೊಂಡು, ಅರ್ಧ ಬೆಲೆಗೆ ಮಾರಿ, ಸುಮ್ನೆ ಬ್ಯಾಟರಿ ಕಾರಿಗೆ ಹೋಗುತ್ತಾನೆ. ‘ಹೊಸಬರಿಗಾಗಿ’ ಅಂತ ಬರೆದ ಮಾಲಿನಲ್ಲೇ ಅಂಟು ಹಾಕದೆ ಕಳಿಸಿದರೆ ಹೊಸಬ ಇನ್ನೇನು ಮಾಡಬೇಕು?

ಈಗ ಪೂರ್ತಿ ಬಿಚ್ಚಿ, ಲೋಹಕ್ಕೆ ಲೋಹ ಕೂರುವ ಪ್ರತಿ ಸ್ಕ್ರೂವನ್ನೂ ಎಣ್ಣೆ ಒರೆಸಿ ಲಾಕ್‌ಟೈಟ್ ಹಾಕಿ ಕೂರಿಸಿದ್ದೇನೆ. ನೀಲಿ ಬಣ್ಣದ್ದು. ಕೆಂಪು ಹಾಕಿದರೆ ಬಿಚ್ಚಲು ಪಡಿಪಾಟಲು. ಸೆಲ್ ಡಬ್ಬಿಗೆ ಸದ್ಯಕ್ಕೆ ರಬ್ಬರ್ ಬ್ಯಾಂಡ್, ಕಾರ್ಬುರೇಟರಿಗೆ ಬಾಲ್ ಪೆನ್ನಿನ ಸ್ಪ್ರಿಂಗ್. ಅರ್ಧ ಲೀಟರ್ ಇಂಧನ ಉಳಿದಿದೆ. ಮೆಥನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಮಳೆಗಾಲದಲ್ಲಿ ಇಟ್ಟರೆ ಕೆಟ್ಟ ಹಾಗೇ, ಇಂಜಿನ್ನಿನ ಬೇರಿಂಗೂ ತುಕ್ಕು. ಮಳೆ ಹಿಡಿಯುವ ಮುಂಚೆ ಖಾಲಿ ಮಾಡಬೇಕು. ಹಾಸನ, ಚಿಕ್ಕಮಗಳೂರು ಕಡೆ ಯಾರ ಹತ್ತಿರವಾದರೂ ಲೋಹದ ಸ್ಪರ್ ಗೇರ್ ಇದ್ದರೆ ಹೇಳಿ, ಹಲ್ಲಿನ ಲೆಕ್ಕ ಇನ್‌ಬಾಕ್ಸಿಗೆ ಹಾಕುತ್ತೇನೆ.