ಮಳೆಗೆ ಮೊದಲು ಶಾಲೆಯ ತಾರಸಿ ಹತ್ತಿ ನೋಡಿ

ಕಳೆದ ಮಳೆಗಾಲದಲ್ಲಿ ಊರಿಗೆ ಹೋದಾಗ ನಾನು ಓದಿದ ಸರ್ಕಾರಿ ಶಾಲೆಗೆ ಹೋಗಿದ್ದೆ. ನಲಿ-ಕಲಿ ಕೋಣೆಯಲ್ಲಿ ಸೋರುವ ಜಾಗಕ್ಕೆ ಬಿಸಿಯೂಟದ ಪಾತ್ರೆ ಇಟ್ಟಿದ್ದರು. ಮಳೆ ಜೋರಾಯಿತು. ಒಂದನೇ ಕ್ಲಾಸಿನ ಪುಟ್ಟ ಹುಡುಗಿ ಯಾರೂ ಹೇಳದೆಯೇ ಬ್ಯಾಗು ಎತ್ತಿಕೊಂಡು ಗೋಡೆ ಪಕ್ಕ ಹೋಗಿ ಕೂತಳು. ಮುಂದಿನ ಹನಿ ಎಲ್ಲಿ ಬೀಳುತ್ತೆ ಅಂತ ಆ ಮಗುವಿಗೆ ಗೊತ್ತು!

ಮಳೆ ನಿಂತ ಮೇಲೆ ಏಣಿ ತರಿಸಿ ಹತ್ತಿದೆ. ಬೇವಿನ ಎಲೆ ಕೊಳೆತು ಗೊಬ್ಬರವಾಗಿ ನೀರು ಹೋಗುವ ಪೈಪಿನ ಬಾಯಿಗೆ ಕೂತಿತ್ತು, ತಾರಸಿ ತುಂಬ ನೀರು, ಬಿರುಕಿನಲ್ಲಿ ಅರಳಿ ಸಸಿ. ಕೈ ಹಾಕಿ ಎಲೆ ತೆಗೆದೆ, ನೀರು ಗಳಗಳ ಹರಿದುಹೋಯಿತು. ಅರ್ಧ ಗಂಟೆ ಕೆಲಸ, ಅಷ್ಟೇ. ಆದರೆ ಅದನ್ನು ವರ್ಷಗಟ್ಟಲೆ ಯಾರೂ ಮಾಡದಿದ್ದರೆ ನೀರು ಇಳಿದು ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತೆ, ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟನ್ನು ತಳ್ಳುತ್ತೆ, ಒಂದು ದಿನ ಚಕ್ಕೆ ಕಳಚಿ ಬೀಳುತ್ತೆ. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋಡಿಯಲ್ಲಿ ಸರ್ಕಾರಿ ಶಾಲೆಯ ಕಟ್ಟಡ ಕುಸಿದು 7 ಮಕ್ಕಳು ಸತ್ತರಲ್ಲ, ಆ ಸುದ್ದಿ ಓದಿದಾಗಿನಿಂದ ನನ್ನ ಕಣ್ಣ ಮುಂದೆ ಬರುವುದು ಈ ಕೋಣೆಯೇ.

ಹೆಡ್ ಮೇಡಂ ಅವರನ್ನು ಬೈಯಬೇಡಿ. ಶಾಲೆಗಳಿಗೆ ದುಡ್ಡು ಕೊಡುವ ಕೇಂದ್ರದ ಯೋಜನೆ ಸಮಗ್ರ ಶಿಕ್ಷಾದಲ್ಲಿ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ ಸಿಗುವ ಅನುದಾನ 10,000 ರೂಪಾಯಿ, 100 ಮಕ್ಕಳವರೆಗೆ 25,000. ಸೀಮೆಸುಣ್ಣ, ಪೊರಕೆ, ಫಿನಾಯಿಲು, ಮುರಿದ ನಲ್ಲಿ, ಚಿಲಕ, ಎಲ್ಲವೂ ಅದರಲ್ಲೇ ಆಗಬೇಕು. ಇನ್ನು ತಾರಸಿಗೆ ಎಲ್ಲಿ ಉಳಿಯುತ್ತೆ ಹೇಳಿ? ಹೊಸ ಕೊಠಡಿಗೆ ಲಕ್ಷಗಟ್ಟಲೆ ಮಂಜೂರಾಗುತ್ತೆ, ಪೂಜೆ, ಶಂಕುಸ್ಥಾಪನೆ, ಫೋಟೋ ಎಲ್ಲ ಇರುತ್ತೆ. ಇರುವ ಕೊಠಡಿ ಉಳಿಸಿಕೊಳ್ಳೋಕೆ ಮಾತ್ರ ದುಡ್ಡಿಲ್ಲ. ಇದು ತಪ್ಪು. ಬಡವರ ಮಕ್ಕಳೇ ಜಾಸ್ತಿ ಇರುವ ಶಾಲೆಗಳಲ್ಲಂತೂ ದೊಡ್ಡ ತಪ್ಪು, ಯಾಕಂದರೆ ಅಲ್ಲಿನ ಅಪ್ಪ ಅಮ್ಮಂದಿರಿಗೆ ಒಂದು ದಿನದ ಕೂಲಿ ಬಿಟ್ಟು ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಅಲೆಯೋಕೆ ಆಗಲ್ಲ.

ನಮ್ಮ ಅಜ್ಜ ಪ್ರತಿ ಬೇಸಿಗೆ ಮನೆಯ ಹೆಂಚು ಕೈಯಾಡಿಸುತ್ತಿದ್ದರು. ಒಡೆದದ್ದು ತೆಗೆದು ಬೇರೆ ಹಾಕುವುದು, ಕಸ ಗುಡಿಸುವುದು. ಆರ್‌ಸಿಸಿ ಬಂದ ಮೇಲೆ ಇನ್ನು ನೋಡುವುದೇ ಬೇಡ ಅಂದುಕೊಂಡುಬಿಟ್ಟೆವು ಅಲ್ವಾ?

ಏಪ್ರಿಲ್‌ನಲ್ಲೇ ಇಂಜಿನಿಯರ್ ಬಂದು ಪ್ರತಿ ಶಾಲೆಯ ಸೂರು ನೋಡಲಿ, ರಿಪೇರಿಗೆ ಅಂತಲೇ ಬೇರೆ ದುಡ್ಡು ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಬರಲಿ. ಈ ಬಗ್ಗೆ ಶಾಸಕರಿಗೆ ಪತ್ರ ಬರೆದಿದ್ದೇನೆ, ನೀವೂ ಬರೆಯಿರಿ. ಈ ಭಾನುವಾರ ನಾವು ಹಳೇ ವಿದ್ಯಾರ್ಥಿಗಳು ಐದಾರು ಜನ ಶಾಲೆ ಹತ್ತಿರ ಸೇರ್ತಾ ಇದ್ದೇವೆ. ಮೇಡಂಗೆ ಹೇಳಿದ್ದೇನೆ. ಏಣಿ ಇದೆ, ಪೊರಕೆ ಇದೆ, ಗಾರೆ ಕೆಲಸ ಬಲ್ಲವರು ಒಬ್ಬರು ಬೇಕು.