"ಆಮೇಲೆ ನೋಡೋಣ" ಅಂದರೆ ಮೂಳೆ ಕಾಯುವುದಿಲ್ಲ

ಇವತ್ತು ಮಧ್ಯಾಹ್ನ ನೋಡಿದ ಒಂದು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್-ರೇ) ಇನ್ನೂ ಕಣ್ಣ ಮುಂದೆಯೇ ಇದೆ, ಸಿಟ್ಟು ಇಳಿದಿಲ್ಲ. ರೋಗಿಯೊಬ್ಬರ ಮೇಲಿನ ಮುಂದಿನ ಹಲ್ಲು, ಬೇರೆಲ್ಲೋ ಕೀಳಿಸಿ ಒಂದು ವರ್ಷವಾಗಿದೆ. ಈಗ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಕೃತಕ ಬೇರು ಬೇಕು. ಉಳಿದಿರುವ ಮೂಳೆಯ ಅಗಲ 3.5 ಮಿಲಿಮೀಟರ್. 4 ಮಿ.ಮೀ. ಇಂಪ್ಲಾಂಟಿಗೆ ಹಿಂದೆ ಮುಂದೆ ಕನಿಷ್ಠ 1.5 ಮಿ.ಮೀ. ಮೂಳೆ ಇರಬೇಕು, ಅಂದರೆ 7 ಬೇಕು. ಕೀಳುವಾಗ ಮೂಳೆಯ ವಿಷಯ ಯಾರಾದರೂ ಹೇಳಿದ್ರಾ ಅಂತ ಕೇಳಿದರೆ, "ಇಲ್ಲ ಡಾಕ್ಟ್ರೇ, ಗಾಯ ಮಾಯಲಿ, ಮೂರು ತಿಂಗಳು ಬಿಟ್ಟು ಬನ್ನಿ, ಆಮೇಲೆ ನೋಡೋಣ ಅಂದ್ರು."

ಈ "ಆಮೇಲೆ ನೋಡೋಣ" ಅನ್ನುವುದರ ಮೇಲೇ ನನ್ನ ಸಿಟ್ಟು.

ಹಲ್ಲನ್ನು ಹಿಡಿದಿರುವ ಮೂಳೆ ಇರುವುದೇ ಹಲ್ಲಿಗಾಗಿ. ಬೇರಿನಿಂದ ಹೊರಟ ಸಣ್ಣ ನಾರುಗಳು ಹಲ್ಲು ಕೂತಿರುವ ಗುಳಿಯ ಒಳಪದರದ ಮೂಳೆಗೆ ಹೊಕ್ಕು ಹೊಲಿದುಕೊಂಡಿರುತ್ತವೆ. ಆ ಪದರಕ್ಕೆ ಬಂಡಲ್ ಬೋನ್ ಅನ್ನುತ್ತಾರೆ. ಹಲ್ಲು ಹೋದರೆ ಆ ಪದರಕ್ಕೆ ಕೆಲಸವಿಲ್ಲ, ದೇಹ ಅದನ್ನು ಕರಗಿಸಿಬಿಡುತ್ತದೆ. ಮೇಲಿನ ಮುಂದಿನ ಹಲ್ಲುಗಳಲ್ಲಿ ತುಟಿಯ ಕಡೆಯ ಗೋಡೆ ಸಾಮಾನ್ಯವಾಗಿ 1 ಮಿ.ಮೀ.ಗಿಂತ ತೆಳು, ಅದರಲ್ಲಿ ಬಹುಪಾಲು ಈ ಬಂಡಲ್ ಬೋನೇ. ಅದಕ್ಕೇ ಮುಂದಿನ ಹಲ್ಲು ಕಿತ್ತ ಜಾಗ ಹೊರಗಿನಿಂದ ಒಳಕ್ಕೆ ಕುಸಿಯುತ್ತದೆ, ವಸಡು ತಗ್ಗು ಬೀಳುತ್ತದೆ. 2003ರಲ್ಲಿ ದಂತ ಸಂಶೋಧಕ ಶ್ರಾಪ್ ಮತ್ತು ಸಂಗಡಿಗರು 46 ಜನರ ಹಿಂದಿನ ಹಲ್ಲುಗಳ ಜಾಗವನ್ನು ವರ್ಷವಿಡೀ ಅಳೆದರು. ಸರಾಸರಿ 12 ಮಿ.ಮೀ. ಇದ್ದ ಅಗಲ 12 ತಿಂಗಳಲ್ಲಿ 5.9ಕ್ಕೆ ಇಳಿದಿತ್ತು. ಆ ನಷ್ಟದ ಮೂರರಲ್ಲಿ ಎರಡು ಪಾಲು ಆದದ್ದು ಮೊದಲ ಮೂರು ತಿಂಗಳಲ್ಲಿ. ನಾವು ರೋಗಿಗೆ "ಬಿಟ್ಟು ಬನ್ನಿ" ಅನ್ನುವ ಮೂರು ತಿಂಗಳು ಅವೇ.

ಈ ಮೂಳೆಯನ್ನು ಉಳಿಸಲು ಕಿತ್ತ ದಿನವೇ ಗುಳಿಗೆ ಗ್ರಾಫ್ಟ್ ಪುಡಿ, ಅಂದರೆ ಮೂಳೆಯ ಬದಲಿ ಕಣಗಳನ್ನು ತುಂಬಬಹುದು. ಆದರೆ ಉಳಿಸುವ ಕೆಲಸ ಶುರುವಾಗುವುದು ಆ ಪುಡಿಯ ಬಾಟಲಿ ತೆರೆದಾಗ ಅಲ್ಲ, ಕೀಳುವಾಗಲೇ. ಇಕ್ಕಳದಲ್ಲಿ ಹಿಡಿದು ತುಟಿಯ ಕಡೆಗೆ ಜಗ್ಗಿದರೆ ಆ ತೆಳು ಗೋಡೆ ಹಲ್ಲಿನ ಜೊತೆಯಲ್ಲೇ ಮುರಿದು ಬರುತ್ತದೆ. ಪೆರಿಯೋಟೋಮಿನ ತೆಳು ಅಲಗನ್ನು ಬೇರಿನ ಪಕ್ಕಗಳಲ್ಲಿ ಮತ್ತು ಅಂಗುಳಿನ ಕಡೆ ಇಳಿಸಿ, ನಾರು ಕತ್ತರಿಸಿ, ನಿಧಾನವಾಗಿ ತಿರುಗಿಸಿ ತೆಗೆಯಬೇಕು. ದವಡೆ ಹಲ್ಲಾದರೆ ಬೇರುಗಳನ್ನು ಹಲ್ಲು ಕೊರೆಯುವ ಬರ್‌ನಿಂದ ಬೇರ್ಪಡಿಸಿ ಒಂದೊಂದಾಗಿ ತೆಗೆಯಬೇಕು. ಆದಷ್ಟು ಮಟ್ಟಿಗೆ ವಸಡನ್ನು ಮೂಳೆಯಿಂದ ಬಿಡಿಸಬಾರದು, ಗೋಡೆಗೆ ರಕ್ತ ಬರುವುದರಲ್ಲಿ ಒಂದು ಪಾಲು ಅಲ್ಲಿಂದಲೇ. ಆಮೇಲೆ ಗುಳಿಯೊಳಗಿನ ಕೆಟ್ಟ ಮಾಂಸವನ್ನೆಲ್ಲ ಕ್ಯೂರೆಟ್‌ನಿಂದ ಕೆರೆದು ಸಲೈನಿನಲ್ಲಿ ತೊಳೆಯಬೇಕು. ಬೇರಿನ ತುದಿಯಲ್ಲಿ ಗಂಟು ಇದ್ದ ಹಲ್ಲಿನಲ್ಲಿ ಇದನ್ನು ಅವಸರ ಮಾಡಿದರೆ ಮುಂದೆ ಹಾಕಿದ್ದೆಲ್ಲ ಕೀವಾಗುತ್ತದೆ. ನಾಲ್ಕೂ ಗೋಡೆ ಇವೆಯೇ ಅಂತ ಪ್ರೋಬ್ (ಅಳೆಯುವ ತೆಳು ಕಡ್ಡಿ) ಇಳಿಸಿ ನೋಡಬೇಕು.

ಪುಡಿಯ ಪ್ರಮಾಣ ಒಂದು ಬೇರಿನ ಹಲ್ಲಿಗೆ ಸುಮಾರು 0.5 ಸಿಸಿ, ದವಡೆ ಹಲ್ಲಿಗೆ 1 ಸಿಸಿ ಆಸುಪಾಸು. ಸಲೈನಿನಲ್ಲೋ ರೋಗಿಯ ರಕ್ತದಲ್ಲೋ ನೆನೆಸಿ, ತಳದಿಂದ ಗೋಡೆಯ ಅಂಚಿನವರೆಗೆ ತುಂಬಬೇಕು. ಗಾರೆ ಕೆಲಸದ ಹಾಗೆ ಗಟ್ಟಿಯಾಗಿ ಒತ್ತಬಾರದು, ಕಣಗಳ ನಡುವೆ ರಕ್ತನಾಳ ಬೆಳೆಯಲು ಜಾಗ ಬೇಕು. ಅಂಚು ಮೀರಿ ಗೋಪುರ ಕಟ್ಟಿದರೆ ಹೆಚ್ಚುವರಿ ಪುಡಿ ಉದುರಿ ಹೋಗುತ್ತದೆ. ಮೇಲೆ ಕೊಲಾಜೆನ್ ಮೆಂಬ್ರೇನನ್ನು (ತೆಳು ಪೊರೆ) ಅಂಚಿನಿಂದ 2-3 ಮಿ.ಮೀ. ಹೊರಚಾಚುವಂತೆ ಕತ್ತರಿಸಿ ವಸಡಿನಡಿಗೆ ಸೇರಿಸಿ, ಅಡ್ಡಡ್ಡ ಹೊಲಿಗೆ ಹಾಕಬೇಕು. ಮೆಂಬ್ರೇನ್ ಇಲ್ಲದಿದ್ದರೆ ವಸಡಿನ ಮಾಂಸ ಮೂಳೆಗಿಂತ ಬೇಗ ಬೆಳೆದು ಗುಳಿಯೊಳಗೆ ನುಗ್ಗುತ್ತದೆ. ಹೊಲಿಗೆ ಬಿಚ್ಚುವುದು 7ರಿಂದ 10 ದಿನಕ್ಕೆ, ಇಂಪ್ಲಾಂಟ್ ಸಾಮಾನ್ಯವಾಗಿ 4ರಿಂದ 6 ತಿಂಗಳಿಗೆ.

ಇನ್ನೊಂದು ಮಾತು, ಇದನ್ನು ಮುಚ್ಚಿಡುವುದು ತಪ್ಪು. ಪುಡಿ ಎಲ್ಲಿಂದ ಬಂದದ್ದು ಅಂತ ರೋಗಿಗೆ ಹೇಳಬೇಕು. ಬಳಕೆಯಲ್ಲಿರುವ ಪುಡಿಗಳಲ್ಲಿ ದನದ ಮೂಳೆಯಿಂದ ಮಾಡಿದ್ದು ಬಹಳ. ದಾನಿಗಳ ಮೂಳೆಯದ್ದೂ ಇದೆ, ಪೂರ್ತಿ ಕೃತಕವಾದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಕೂಡ ಇದೆ. ನಮ್ಮಲ್ಲಿ ಇದು ಎಷ್ಟೋ ಮನೆಗಳಿಗೆ ನಂಬಿಕೆಯ ವಿಷಯ. ಹೇಳಿ, ಆಯ್ಕೆ ಅವರಿಗೆ ಬಿಡಿ.

"ಗುಳಿ ತಾನಾಗಿಯೇ ತುಂಬುತ್ತೆ, ಇದೆಲ್ಲ ಬಿಲ್ ಬೆಳೆಸುವ ದಾರಿ" ಅನ್ನುವವರಿದ್ದಾರೆ. ಗುಳಿಯ ಒಳಗೆ ಮೂಳೆ ತುಂಬುವುದು ನಿಜ. ಆದರೆ ಅದೇ ಹೊತ್ತಿಗೆ ಹೊರಗೋಡೆ ಕರಗುತ್ತದೆ, ಕೊನೆಗೆ ಉಳಿಯುವುದು ತುಂಬಿದ ಸಣ್ಣ ಏಣು. ಗ್ರಾಫ್ಟ್ ಹಾಕಿದರೂ ನಷ್ಟ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೇ. ಎಲ್ಲರಿಗೂ ಬೇಕಾಗಿಯೂ ಇಲ್ಲ. ಬುದ್ಧಿ ಹಲ್ಲಿಗೆ ಬೇಡ. ಕೀವು ಸುರಿಯುತ್ತಿದ್ದರೆ ಅವತ್ತು ಬೇಡ. ಮೂಳೆ ಸವೆತಕ್ಕೆ ಜೋಲೆಡ್ರೊನೇಟ್‌ನಂಥ ಇಂಜೆಕ್ಷನ್ ತೆಗೆದುಕೊಂಡವರಲ್ಲಿ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯವರಲ್ಲಿ ಹಲ್ಲು ಕೀಳುವುದಕ್ಕೇ ಎರಡು ಸಲ ಯೋಚಿಸಬೇಕು. ದುಡ್ಡಿಲ್ಲ, ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಬ್ರಿಡ್ಜ್ ಸಾಕು ಅನ್ನುವುದೂ ನ್ಯಾಯವಾದ ತೀರ್ಮಾನವೇ. ಆದರೆ ಗೊತ್ತಿದ್ದು ಬೇಡ ಅನ್ನುವುದೇ ಬೇರೆ, ಗೊತ್ತೇ ಇಲ್ಲದೆ ಕಳೆದುಕೊಳ್ಳುವುದೇ ಬೇರೆ. ಹೇಳುವುದಕ್ಕೆ ಎರಡು ನಿಮಿಷ ಸಾಕು!

ಮಾಡಿಸಿಕೊಂಡವರಿಗೆ: ಅರ್ಧ ಮುಕ್ಕಾಲು ಗಂಟೆ ಗಾಜ್ ಕಚ್ಚಿ ಹಿಡಿಯಿರಿ. ಮೊದಲ ದಿನ ಉಗುಳಬೇಡಿ, ಮುಕ್ಕಳಿಸಬೇಡಿ, ಸ್ಟ್ರಾ ಬೇಡ. ಗಂಜಿ, ಮೊಸರನ್ನ ತಣ್ಣಗೆ ಮಾಡಿ ತಿನ್ನಿ. ಮರುದಿನದಿಂದ ಉಪ್ಪುನೀರನ್ನು ಬಾಯಲ್ಲಿ ಇಟ್ಟು ಹಾಗೇ ಹೊರಗೆ ಬಿಡಿ, ಜೋರಾಗಿ ಗುಳುಗುಳು ಬೇಡ. ನಾಲ್ಕಾರು ಮರಳಿನಂಥ ಕಣ ಬಾಯಿಗೆ ಬಂದರೆ ಹೆದರಬೇಡಿ. ಬೀಡಿ, ಸಿಗರೇಟು, ಗುಟ್ಕಾ ಮಾತ್ರ ಬೇಡವೇ ಬೇಡ. ತಾತ್ಕಾಲಿಕ ಹಲ್ಲಿನ ಸೆಟ್ಟು ಹಾಕಿಕೊಳ್ಳುವವರು ಅದು ಆ ಜಾಗವನ್ನು ಒತ್ತದ ಹಾಗೆ ಒಳಗಿನಿಂದ ತೇಯಿಸಿಕೊಳ್ಳಿ, ಒತ್ತಿದರೆ ಒಳಗಿನ ಗ್ರಾಫ್ಟ್ ಕದಲುತ್ತದೆ.

ಇವತ್ತು ಬಂದವರಿಗೆ ಇನ್ನು ಗುಳಿ ತುಂಬುವ ಕೆಲಸವಲ್ಲ, ಮೂಳೆ ಕಟ್ಟುವ ಕೆಲಸ. ವಸಡು ಬಿಡಿಸಿ, ಬಹುಶಃ ಕೆಳದವಡೆಯ ಹಿಂಭಾಗದಿಂದ ಮೂಳೆಯ ತುಂಡು ತೆಗೆದು ಸ್ಕ್ರೂನಲ್ಲಿ ಕೂರಿಸಬೇಕು, ಎರಡು ಕಡೆ ಗಾಯ, ಮತ್ತೆ ನಾಲ್ಕೈದು ತಿಂಗಳು ಕಾಯಬೇಕು, ಆಮೇಲೆ ಇಂಪ್ಲಾಂಟ್. ಕಿತ್ತ ದಿನ ಅರ್ಧ ಸಿಸಿ ಪುಡಿ, ಒಂದು ಮೆಂಬ್ರೇನ್, ಒಂದು ಹೊಲಿಗೆಯ ಮಾತನ್ನು ಅವರ ಮುಂದೆ ಯಾರೂ ಎತ್ತಲೇ ಇಲ್ಲ.